ಬೋರಲು ದೋಣಿಯ ಮೇಲೆ ರೈಲು: ಉಕ್ಕಿನ ಸ್ಲೀಪರ್ ವಿನ್ಯಾಸ ಹೇಗೆ ನಡೆಯುತ್ತದೆ

ರೈಲು ಹಳಿಗಳ ಕೆಳಗೆ ಅಡ್ಡಡ್ಡಲಾಗಿ ಮಲಗಿರುವ ದಿಮ್ಮಿಗಳನ್ನು ಸ್ಲೀಪರ್ ಎನ್ನುತ್ತಾರೆ. ನೂರಕ್ಕೂ ಹೆಚ್ಚು ವರ್ಷ ಅವು ಬಹುಪಾಲು ಮರದವೇ ಆಗಿದ್ದವು. ಮರ ಕೊಳೆಯದಿರಲೆಂದು ಅದಕ್ಕೆ ಕುಡಿಸುತ್ತಿದ್ದ ಕ್ರಿಯೊಸೋಟ್ ಎಂಬ ಎಣ್ಣೆ ಕ್ಯಾನ್ಸರ್ ತರುವಂಥದ್ದು ಎಂಬ ಕಾರಣಕ್ಕೆ ಐರೋಪ್ಯ ಒಕ್ಕೂಟ ಅದರ ಬಳಕೆಗೆ ಕಟ್ಟುಪಾಡು ಹಾಕಿದೆ. ಒಳ್ಳೆಯ ಗಟ್ಟಿಮರವೂ ಈಗ ಸುಲಭಕ್ಕೆ ಸಿಗುವುದಿಲ್ಲ. ಮರ ಬಿಟ್ಟುಕೊಟ್ಟ ಜಾಗವನ್ನು ಹೆಚ್ಚಿನ ಕಡೆ ಕಾಂಕ್ರೀಟ್ ತುಂಬಿದೆ. ಆದರೆ ಮುಖ್ಯ ಮಾರ್ಗದ ಒಂದು ಕಾಂಕ್ರೀಟ್ ಸ್ಲೀಪರ್ 250ರಿಂದ 300 ಕೆ.ಜಿ. ತೂಗುತ್ತದೆ, ಎತ್ತರವೂ ಹೆಚ್ಚು. ಚಾವಣಿ ತಗ್ಗಾದ ಸುರಂಗ, ಯಂತ್ರ ತಲುಪದ ಗುಡ್ಡದ ಮಾರ್ಗ, ಹಳೆಯ ಮರದ ಸ್ಲೀಪರ್‌ಗಳ ನಡುವೆ ಅಲ್ಲೊಂದು ಇಲ್ಲೊಂದು ಬದಲಿಸಬೇಕಾದ ಹಳಿ, ಇಂಥ ಕಡೆಗಳಲ್ಲಿ ಉಕ್ಕಿನ ಸ್ಲೀಪರ್ ಮತ್ತೆ ಮಾತಿಗೆ ಬರುತ್ತಿದೆ.

ಅದರ ಬಗ್ಗೆ ಮೊದಲು ಒಂದು ವಿಷಯ ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸಲೀಸು. ಉಕ್ಕಿನ ಸ್ಲೀಪರ್ ನಿಲ್ಲುವುದು ಉಕ್ಕಿನ ಬಲವೊಂದರಿಂದಲೇ ಅಲ್ಲ, ತನ್ನ ಹೊಟ್ಟೆಯೊಳಗೆ ಹಿಡಿದಿಟ್ಟ ಜಲ್ಲಿಯಿಂದ.

ಸ್ಲೀಪರ್ ಮಾಡಬೇಕಾದ ಕೆಲಸ

ಎರಡು ಹಳಿಗಳ ನಡುವಿನ ಅಂತರಕ್ಕೆ ಗೇಜ್ ಎನ್ನುತ್ತಾರೆ. ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ., ಮೀಟರ್ ಗೇಜ್ 1000 ಮಿ.ಮೀ., ಭಾರತದ ಬ್ರಾಡ್ ಗೇಜ್ 1676 ಮಿ.ಮೀ. ರೈಲು ಎಷ್ಟೇ ಜೋರಾಗಿ ಹೋದರೂ ಈ ಅಂತರ ಕದಲಬಾರದು. ಅದನ್ನು ಕಾಯುವುದು ಸ್ಲೀಪರ್‌ನ ಮೊದಲ ಕೆಲಸ. ಹಳಿ ನೆಟ್ಟಗೆ ನಿಂತಿಲ್ಲ, ಒಳಮುಖವಾಗಿ ತುಸು ವಾಲಿದೆ, 20ಕ್ಕೆ 1 ಅಥವಾ 40ಕ್ಕೆ 1ರಂತೆ. ಚಕ್ರದ ಅಂಚು ಶಂಕುವಿನಂತೆ ಇಳಿಜಾರಾಗಿರುವುದರಿಂದ ಈ ವಾಲು ಬೇಕು. ಅದನ್ನು ಹಿಡಿದಿಡುವುದೂ ಸ್ಲೀಪರ್‌ನದೇ ಹೊಣೆ. ಇವೆರಡರ ಜೊತೆಗೆ ಚಕ್ರದ ಭಾರವನ್ನು ಹರಡಿ ಜಲ್ಲಿಗೆ ದಾಟಿಸಬೇಕು, ಹಳಿ ಅಕ್ಕಪಕ್ಕಕ್ಕಾಗಲಿ ಉದ್ದಕ್ಕಾಗಲಿ ಜಾರದಂತೆ ನೆಲಕ್ಕೆ ಕಚ್ಚಿಕೊಳ್ಳಬೇಕು.

ಭಾರ ನೆಲಕ್ಕಿಳಿಯುವ ದಾರಿ

ಎರಡು ಚಕ್ರಗಳನ್ನು ಜೋಡಿಸುವ ಅಚ್ಚಿನ ಮೇಲೆ 25 ಟನ್ ಭಾರವಿದ್ದರೆ ಒಂದೊಂದು ಚಕ್ರದ ಪಾಲು 12.5 ಟನ್. ಈ ಭಾರ ಹಳಿಯನ್ನು ಮುಟ್ಟುವ ಜಾಗ ಬೆರಳ ತುದಿಯಷ್ಟು, ಸುಮಾರು ಒಂದು ಚದರ ಸೆಂಟಿಮೀಟರ್. ಎಲ್ಲಕ್ಕಿಂತ ಕೆಳಗಿರುವ ಮಣ್ಣು ತಾಳುವುದು ಚದರ ಸೆಂಟಿಮೀಟರ್‌ಗೆ ಒಂದೂವರೆ ಕೆ.ಜಿ. ಆಸುಪಾಸು. ಹನ್ನೆರಡು ಸಾವಿರ ಕೆ.ಜಿ.ಗೂ ಮೀರಿದ ಒತ್ತಡವನ್ನು ಒಂದೂವರೆ ಕೆ.ಜಿ.ಗೆ ಇಳಿಸುವುದೇ ಹಳಿಯಿಂದ ಮಣ್ಣಿನವರೆಗಿನ ಇಡೀ ವ್ಯವಸ್ಥೆಯ ಉದ್ದೇಶ. ಕೆಸರಿನಲ್ಲಿ ಹಲಗೆ ಹಾಸಿ ನಡೆದಂತೆ, ಒಂದರ ಕೆಳಗೊಂದು ಹಲಗೆಗಳು ಅಗಲವಾಗುತ್ತ ಹೋಗುತ್ತವೆ.

ಮೊದಲ ಹಲಗೆ ಹಳಿಯೇ. ಮೀಟರ್‌ಗೆ 60 ಕೆ.ಜಿ. ತೂಗುವ ಹಳಿ ಚಕ್ರದಡಿ ತುಸು ಬಾಗಿ ಭಾರವನ್ನು ಅಕ್ಕಪಕ್ಕದ ಸ್ಲೀಪರ್‌ಗಳಿಗೂ ಹಂಚುತ್ತದೆ. ಒಳ್ಳೆಯ ನೆಲದ ಮೇಲೆ ಈ ಬಾಗು ಎರಡು ಮಿ.ಮೀ. ಆಸುಪಾಸು. ಹೀಗಾಗಿ ಚಕ್ರದ ಕೆಳಗೇ ಇರುವ ಸ್ಲೀಪರ್‌ಗೆ ಬರುವುದು ಪೂರ್ತಿ ಭಾರವಲ್ಲ, ಅದರ ಮೂರನೇ ಒಂದರಿಂದ ಅರ್ಧದವರೆಗೆ. ಲೆಕ್ಕ ಹಾಕುವವರು ಅರ್ಧ ಎಂದೇ ಹಿಡಿಯುವುದು ಒಳ್ಳೆಯದು. ಪಕ್ಕದ ಸ್ಲೀಪರ್‌ನ ಕೆಳಗೆ ಜಲ್ಲಿ ಸಡಿಲವಾಗಿದ್ದರೆ ಅದು ತನ್ನ ಪಾಲು ಹೊರುವುದಿಲ್ಲ, ಆ ಭಾರವೂ ಈ ಸ್ಲೀಪರ್ ತಲೆಗೇ ಬೀಳುತ್ತದೆ.

ದೋಣಿಯನ್ನು ಬೋರಲು ಹಾಕಿದ್ದೇಕೆ

ಚಪ್ಪಟೆ ಉಕ್ಕಿನ ತಗಡೊಂದನ್ನು ಹಳಿಯಡಿ ಇಟ್ಟರೆ ಬಾಗಿಹೋಗುತ್ತದೆ. ಅದೇ ತಗಡನ್ನು ಎರಡು ಅಂಚಿನಲ್ಲಿ ಕೆಳಕ್ಕೆ ಮಡಚಿದರೆ ಬಾಗುವುದಿಲ್ಲ. ಕಾಗದದ ಹಾಳೆಯನ್ನು ಮಡಿಸಿದಾಗ ಅದು ಬಿಗಿಯಾಗಿ ನಿಲ್ಲುವುದಿಲ್ಲವೇ, ಹಾಗೆ. ಉಕ್ಕಿನ ಸ್ಲೀಪರ್ ಹೀಗೆ ಬೋರಲು ಮಲಗಿಸಿದ ದೋಣಿ: ಮೇಲೆ ಚಪ್ಪಟೆ ಬೆನ್ನು, ಎರಡು ಬದಿಗೆ ಹೊರಮುಖವಾಗಿ ಇಳಿಯುವ ಕಾಲುಗಳು, ತಳ ಖಾಲಿ. ಎರಡು ತುದಿಗಳನ್ನೂ ಗುದ್ದಲಿಯ ಬಾಯಂತೆ ಕೆಳಕ್ಕೆ ಬಗ್ಗಿಸಿರುತ್ತಾರೆ.

ತಳ ಖಾಲಿ ಇರುವುದರಲ್ಲೇ ಇದರ ಜಾಣತನವಿದೆ. ಆ ಹೊಟ್ಟೆಯೊಳಗೆ ಜಲ್ಲಿ ಗಟ್ಟಿಯಾಗಿ ತುಂಬಿಕೊಂಡಾಗ ಸ್ಲೀಪರ್ ಮತ್ತು ಜಲ್ಲಿ ಸೇರಿ ಒಂದೇ ಗಟ್ಟಿ ದಿಮ್ಮಿಯಂತಾಗುತ್ತವೆ. ಅಡ್ಡಕ್ಕೆ ತಳ್ಳಿದರೆ ಜಾರಬೇಕಾದದ್ದು ಉಕ್ಕು ಕಲ್ಲಿನ ಮೇಲಲ್ಲ, ಒಳಗಿನ ಕಲ್ಲು ಕೆಳಗಿನ ಕಲ್ಲಿನ ಮೇಲೆ. ಚೂಪು ಮೂಲೆಗಳ ಒಡೆದ ಕಲ್ಲುಗಳು ಒಂದನ್ನೊಂದು ಹಲ್ಲಿಗೆ ಹಲ್ಲು ಕೊಟ್ಟಂತೆ ಹಿಡಿದುಕೊಳ್ಳುತ್ತವೆ. ಕಾಂಕ್ರೀಟ್ ಸ್ಲೀಪರ್ ತನ್ನ ತೂಕದಿಂದ ಸಾಧಿಸುವುದನ್ನು ಇದು ಹೀಗೆ ಸಾಧಿಸುತ್ತದೆ. ದೋಣಿಯ ತುದಿ ಮುಚ್ಚಿರುವುದರಿಂದ ಜಲ್ಲಿ ಉದ್ದಕ್ಕೂ ಹೊರಬೀಳದು, ಗುದ್ದಲಿ ಬಾಯಿ ನೆಲಕ್ಕೆ ಕಚ್ಚುತ್ತದೆ.

ಸಾಗಣೆಗೂ ಈ ಆಕಾರ ಅನುಕೂಲ. ಒಂದರೊಳಗೊಂದು ಕೂರುವ ಬಟ್ಟಲುಗಳಂತೆ ಇವನ್ನು ಪೇರಿಸಿಡಬಹುದು.

ಕಾಗದದ ಮೇಲೆ ಒಂದು ಸ್ಲೀಪರ್

ಒಂದು ಉದಾಹರಣೆ ಲೆಕ್ಕ ಹಾಕೋಣ. ಸ್ಟ್ಯಾಂಡರ್ಡ್ ಗೇಜ್, 25 ಟನ್ ಅಚ್ಚು, ಸ್ಲೀಪರ್‌ನಿಂದ ಸ್ಲೀಪರ್‌ಗೆ 600 ಮಿ.ಮೀ. ದೂರ. ಸ್ಲೀಪರ್ 2500 ಮಿ.ಮೀ. ಉದ್ದ, ತಳದಲ್ಲಿ 260 ಮಿ.ಮೀ. ಅಗಲ, 110 ಮಿ.ಮೀ. ಎತ್ತರ, ತಗಡಿನ ದಪ್ಪ 10 ಮಿ.ಮೀ.

ನಿಂತ ಚಕ್ರಕ್ಕಿಂತ ಓಡುವ ಚಕ್ರ ಹೆಚ್ಚು ಜಜ್ಜುತ್ತದೆ. ಅದಕ್ಕಾಗಿ 12.5 ಟನ್ನನ್ನು ಒಂದೂವರೆ ಪಟ್ಟು ಮಾಡಿದರೆ 18.75 ಟನ್. ಅದರ ಅರ್ಧ 9.4 ಟನ್, ಇದು ಒಂದು ಹಳಿಯಿಂದ ಒಂದು ಸ್ಲೀಪರ್‌ಗೆ ಬರುವ ಭಾರ. ಪ್ರತಿ ಹಳಿಯ ಕೆಳಗೆ ಸ್ಲೀಪರ್‌ನ ಮೂರನೇ ಒಂದು ಭಾಗ ಉದ್ದ ಮಾತ್ರ ಭಾರ ಹೊರುತ್ತದೆ ಎಂದು ಹಿಡಿಯುವುದು ವಾಡಿಕೆ. ಅಂದರೆ 833 ಮಿ.ಮೀ. ಉದ್ದ, 260 ಮಿ.ಮೀ. ಅಗಲ. ಭಾಗಿಸಿದರೆ ಜಲ್ಲಿಯ ಮೇಲೆ ಚದರ ಸೆಂಟಿಮೀಟರ್‌ಗೆ 4.3 ಕೆ.ಜಿ. ಅಮೆರಿಕದ ರೈಲ್ವೆ ಎಂಜಿನಿಯರಿಂಗ್ ಕೈಪಿಡಿ ಮರದ ಸ್ಲೀಪರ್‌ನ ಕೆಳಗಿನ ಜಲ್ಲಿಗೆ ಹಾಕಿರುವ ಮಿತಿ ಸುಮಾರು 4.5 ಕೆ.ಜಿ. ನಮ್ಮ ಸ್ಲೀಪರ್ ಆ ಗೆರೆಯ ಒಳಗಿದೆ, ಆದರೆ ಕೂದಲೆಳೆಯಷ್ಟೇ. ಹೊಟ್ಟೆ ಅರ್ಧ ಖಾಲಿ ಉಳಿದರೆ ಇದೇ ಒತ್ತಡ ಇಮ್ಮಡಿಯಾಗಿ ಜಲ್ಲಿಯ ಮೂಲೆಗಳು ಪುಡಿಯಾಗುತ್ತವೆ.

ಇನ್ನು ಬಾಗುವಿಕೆ. ಹಳಿ ಮೇಲಿನಿಂದ ಒತ್ತುತ್ತದೆ, ಜಲ್ಲಿ ಕೆಳಗಿನಿಂದ ತಡೆಯುತ್ತದೆ. ಹಳಿಯ ಕೆಳಗೆ ಸ್ಲೀಪರ್‌ನ ಬೆನ್ನು ಅಮುಕಿಕೊಳ್ಳುತ್ತದೆ, ಕಾಲುಗಳ ತುದಿ ಎಳೆದುಕೊಳ್ಳುತ್ತದೆ. ಈ ಎಳೆತವೇ ಬಿರುಕಿಗೆ ಬೀಜ. ಕಾಲುಗಳ ತುದಿ ಬರೀ 10 ಮಿ.ಮೀ. ತಗಡಾಗಿದ್ದರೆ, ಮೇಲಿನ ಭಾರಕ್ಕೆ ಅಲ್ಲಿನ ಎಳೆತ ಚದರ ಮಿಲಿಮೀಟರ್‌ಗೆ ಸುಮಾರು 178 ನ್ಯೂಟನ್ ಬರುತ್ತದೆ (10 ನ್ಯೂಟನ್ ಎಂದರೆ ಹೆಚ್ಚುಕಮ್ಮಿ ಒಂದು ಕೆ.ಜಿ. ತೂಕ). ಸ್ಲೀಪರ್‌ನ ತೂಕ 73 ಕೆ.ಜಿ.

ಈಗ ಎರಡೂ ಕಾಲುಗಳ ತುದಿಗೆ 25 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಉಕ್ಕನ್ನು ತುಟಿಯಂತೆ ಸೇರಿಸಿ ಅದೇ ಲೆಕ್ಕ ಮಾಡಿದರೆ ಎಳೆತ 116ಕ್ಕೆ ಇಳಿಯುತ್ತದೆ. ತೂಕ ಹೆಚ್ಚಿದ್ದು 10 ಕೆ.ಜಿ. ಮಾತ್ರ. ಉಕ್ಕಿನ ಬಾಳಿಕೆ ಎಳೆತದ ಮೂರನೇ ಘಾತಕ್ಕೆ ವಿಲೋಮವಾಗಿ ಏರಿಳಿಯುವುದರಿಂದ, ಮೂರನೇ ಒಂದು ಭಾಗ ಎಳೆತ ತಗ್ಗಿದರೆ ಆಯುಸ್ಸು ಮೂರೂವರೆ ಪಟ್ಟು ಆಗುತ್ತದೆ. ಅದೇ 10 ಕೆ.ಜಿ. ಉಕ್ಕನ್ನು ಬೆನ್ನಿನ ಮೇಲೆ ಬಳಿದಿದ್ದರೆ ಈ ಲಾಭ ಸಿಗುತ್ತಿರಲಿಲ್ಲ. ಉರುಳೆ ಯಂತ್ರದಲ್ಲಿ ತಯಾರಾಗುವ ಒಳ್ಳೆಯ ಸ್ಲೀಪರ್‌ಗಳ ಕಾಲಂಚು ದಪ್ಪಗಿರುವುದು ಅಂದಕ್ಕಲ್ಲ, ಇದಕ್ಕೆ.

ಕಿಲೋಮೀಟರ್‌ಗೆ ಇಂಥ 1,667 ಸ್ಲೀಪರ್ ಬೇಕು. ಎಲ್ಲ ಸೇರಿ ಸುಮಾರು 138 ಟನ್. ಒಂದೊಂದು 280 ಕೆ.ಜಿ.ಯ ಕಾಂಕ್ರೀಟ್ ಸ್ಲೀಪರ್ ಹಾಕಿದರೆ 467 ಟನ್.

ತೂತು, ಬೆಸುಗೆ, ದಣಿವು

ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ. ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಮುರಿಯುತ್ತದೆ. ಲೋಹದ ದಣಿವು ಎನ್ನುವುದು ಇದಕ್ಕೇ. ವರ್ಷಕ್ಕೆ 2 ಕೋಟಿ ಟನ್ ಸಾಗುವ ಮಾರ್ಗದಲ್ಲಿ 25 ಟನ್ನಿನ ಅಚ್ಚುಗಳು 8 ಲಕ್ಷ ಬಾರಿ ಹಾಯುತ್ತವೆ, 50 ವರ್ಷಕ್ಕೆ 4 ಕೋಟಿ ಬಾರಿ. ಪ್ರತಿ ಅಚ್ಚೂ ಮೇಲಿನ ಲೆಕ್ಕದಷ್ಟು ಜೋರಾಗಿ ತುಳಿಯುವುದಿಲ್ಲ, ಹೆಚ್ಚಿನವು ಅದರ ಅರ್ಧದಷ್ಟು ತುಳಿಯುತ್ತವೆ. ಆದರೂ ಎಣಿಕೆ ದೊಡ್ಡದು.

ಇಲ್ಲಿ ತಗಡಿನ ಬಲಕ್ಕಿಂತ ಅದರ ಗಾಯಗಳು ಮುಖ್ಯ. ಐರೋಪ್ಯ ಉಕ್ಕಿನ ರಚನೆಗಳ ಸಂಹಿತೆ 20 ಲಕ್ಷ ಆವರ್ತನಗಳಿಗೆ ಗಾಯವಿಲ್ಲದ ತಗಡಿಗೆ ಚದರ ಮಿಲಿಮೀಟರ್‌ಗೆ 160 ನ್ಯೂಟನ್ ಏರಿಳಿತ ಒಪ್ಪುತ್ತದೆ. ತೂತು ಕೊರೆದರೆ ಅದು 90ಕ್ಕೆ ಬೀಳುತ್ತದೆ. ಮೇಲೊಂದು ತುಂಡನ್ನು ಬೆಸೆದರೆ 80, ಆ ತುಂಡು ತಗಡಿನ ಉದ್ದಕ್ಕೂ 100 ಮಿ.ಮೀ. ಮೀರಿದ್ದರೆ 56. ನಮ್ಮ ಉದಾಹರಣೆಯ ಸ್ಲೀಪರ್‌ನ ಬೆನ್ನಿನಲ್ಲಿ ಒತ್ತಡ ಸುಮಾರು 85. ಗಾಯವಿಲ್ಲದ ತಗಡಿಗೆ ಇದು ಲೆಕ್ಕಕ್ಕೇ ಇಲ್ಲ, ಬೆಸುಗೆ ಹಾಕಿದ ತಗಡಿಗೆ ಪ್ರಾಣಸಂಕಟ. ಬೆನ್ನಿನಲ್ಲಿರುವುದು ಎಳೆತವಲ್ಲ ಅಮುಕು, ಹಾಗಾಗಿ ಬಿರುಕು ಬರದು ಎಂದುಕೊಂಡರೆ ಅದು ತಪ್ಪು. ಬೆಸುಗೆ ಆರುವಾಗ ಸುತ್ತಲಿನ ಲೋಹವನ್ನು ಎಳೆದು ಬಿಗಿದಿರುತ್ತದೆ, ಆ ಎಳೆತ ಒಳಗೇ ಉಳಿದಿರುತ್ತದೆ.

ಹಳೆಯ ವಿಧಾನದಲ್ಲಿ ಬೆನ್ನಿನ ತಗಡನ್ನೇ ಕತ್ತರಿಸಿ ಮೇಲಕ್ಕೆ ಎಬ್ಬಿಸಿ, ಹಳಿಯ ಪಾದ ಹಿಡಿಯುವ ಕಿವಿಗಳನ್ನು ಮಾಡುತ್ತಿದ್ದರು. ಆ ಸೀಳಿನ ಮೂಲೆಯಲ್ಲೇ ಬಿರುಕು ಶುರುವಾಗುತ್ತಿತ್ತು. ಆದ್ದರಿಂದ ತೂತಿಗೆ ಚೌಕ ಮೂಲೆ ಬೇಡ, ದುಂಡಗೆ ತಿರುವಿರಬೇಕು. ತೂತು ಒತ್ತಿದ ಮೇಲೆ ಉಳಿಯುವ ಮುಳ್ಳಂಚನ್ನು ಉಜ್ಜಿ ತೆಗೆಯಬೇಕು. ಹಳಿಯನ್ನು ಅದುಮುವ ಕ್ಲಿಪ್ಪನ್ನು ಹಿಡಿಯುವ ಭುಜವನ್ನು ಬೆಸೆಯುವುದಕ್ಕಿಂತ, ತೂತಿನೊಳಗಿಂದ ಕೊಕ್ಕೆಯಂತೆ ಸಿಗಿಸುವುದು ಮೇಲು. ಮುರಿದರೆ ಅದೊಂದನ್ನೇ ಬದಲಿಸಲೂಬಹುದು.

ಹಳಿಯನ್ನು ಹಿಡಿಯುವ ಕೈ

ಹಳಿಯ ಪಾದದ ಎರಡು ಬದಿಗೂ ಒಂದೊಂದು ಸ್ಪ್ರಿಂಗ್ ಉಕ್ಕಿನ ಕ್ಲಿಪ್ ಕೂರುತ್ತದೆ. ಭಾರತದಲ್ಲಿ ಬಳಸುವ ಮಾರ್ಕ್-3 ಕ್ಲಿಪ್ ಒಂದೊಂದೂ ಹಳಿಯನ್ನು 850ರಿಂದ 1100 ಕೆ.ಜಿ. ಬಲದಿಂದ ಅದುಮುತ್ತದೆ. ಅದಕ್ಕಾಗಿ ಅದರ ಮೂತಿ 13.5 ಮಿ.ಮೀ. ಮೇಲೇಳಬೇಕು. ಈ ದೊಡ್ಡ ಏರಿಳಿತವೇ ಕ್ಲಿಪ್ಪಿನ ಗುಣ: ಕೆಳಗಿನ ಪ್ಯಾಡ್ ಅರ್ಧ ಮಿಲಿಮೀಟರ್ ಸವೆದರೂ ಹಿಡಿತ ಹೆಚ್ಚೇನೂ ತಗ್ಗುವುದಿಲ್ಲ. ಬೋಲ್ಟ್ ಹಾಕಿ ಬಿಗಿದ ಗಟ್ಟಿ ಹಿಡಿತವಾದರೆ ಅಷ್ಟು ಸವೆತಕ್ಕೇ ಸಡಿಲವಾಗಿ ಗಡಗಡ ಎನ್ನುತ್ತದೆ.

ಹಳಿಗೂ ಸ್ಲೀಪರ್‌ಗೂ ನಡುವೆ ರಬ್ಬರ್ ಅಥವಾ ಪ್ಲಾಸ್ಟಿಕ್ ಪ್ಯಾಡ್ ಇರಲೇಬೇಕು. ಉಕ್ಕಿನ ಮೇಲೆ ಉಕ್ಕು ಕೂತರೆ ಎರಡೂ ಸವೆಯುತ್ತವೆ, ಸದ್ದೂ ಹೆಚ್ಚು.

ಸಿಗ್ನಲ್‌ನ ವಿದ್ಯುತ್ತು

ಪ್ಯಾಡಿಗೆ ಇನ್ನೊಂದು ಕೆಲಸವೂ ಇದೆ. ಅನೇಕ ಮಾರ್ಗಗಳಲ್ಲಿ ಎರಡು ಹಳಿಗಳು ಎರಡು ವಿದ್ಯುತ್ ತಂತಿಗಳಂತೆ. ರೈಲು ಬಂದಾಗ ಅದರ ಅಚ್ಚು ಎರಡನ್ನೂ ಸೇರಿಸಿ ವಿದ್ಯುತ್ತಿಗೆ ಅಡ್ಡದಾರಿ ತೆರೆಯುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಉಕ್ಕಿನ ಸ್ಲೀಪರ್ ತಾನೇ ಒಂದು ತಂತಿ. ಹಳಿಯಡಿ ಪ್ಯಾಡ್, ಪಾದದ ಬದಿಗೆ ಮತ್ತು ಕ್ಲಿಪ್ ಮೂತಿಯ ಕೆಳಗೆ ನೈಲಾನ್ ತುಂಡು ಇಲ್ಲದಿದ್ದರೆ ರೈಲಿಲ್ಲದೆಯೂ ಸಿಗ್ನಲ್ ಕೆಂಪು ತೋರುತ್ತದೆ. ಇದು ಅಪಘಾತದ ಕಡೆಗಲ್ಲ, ನಿಲುಗಡೆಯ ಕಡೆಗಿನ ತಪ್ಪು. ಹಾಗಿದ್ದೂ ಸಂಚಾರವೆಲ್ಲ ನಿಂತುಬಿಡುತ್ತದೆ. ಒಂದು ಹಳಿಯ ಕಡೆ ನೈಲಾನ್ ಒಡೆದರೆ ಕೂಡಲೇ ಏನೂ ತಿಳಿಯುವುದಿಲ್ಲ, ಅದೇ ಸ್ಲೀಪರ್‌ನ ಇನ್ನೊಂದು ಕಡೆಯದೂ ಒಡೆದಾಗ ದೋಷ ಬಯಲಾಗುತ್ತದೆ. ಒಡೆದದ್ದು ಕಂಡಕೂಡಲೇ ಬದಲಿಸಬೇಕೆನ್ನುವುದು ಅದಕ್ಕೆ.

ಬಿಸಿಲು ಹಳಿಯನ್ನು ಬದಿಗೆ ತಳ್ಳುವಾಗ

ಕಿಲೋಮೀಟರ್‌ಗಟ್ಟಲೆ ಬೆಸೆದ ಹಳಿ ಬಿಸಿಗೆ ಹಿಗ್ಗಬೇಕು, ಆದರೆ ಹಿಗ್ಗಲು ಜಾಗವಿಲ್ಲ. ಬಿಗಿದಾಗ ಇದ್ದುದಕ್ಕಿಂತ 40 ಡಿಗ್ರಿ ಹೆಚ್ಚು ಕಾದರೆ 60 ಕೆ.ಜಿ. ಹಳಿಯೊಂದರಲ್ಲಿ ಸುಮಾರು 75 ಟನ್ ಅಮುಕು ಬಲ ಹುಟ್ಟುತ್ತದೆ, ಜೋಡಿಗೆ 150 ಟನ್. ಎಲ್ಲಾದರೂ ಹಿಡಿತ ಸಡಿಲವಿದ್ದರೆ ಹಳಿ ಹಾವಿನಂತೆ ಬದಿಗೆ ಡೊಂಕಾಗುತ್ತದೆ. ಸ್ಲೀಪರ್‌ನ ಅಡ್ಡ ತಡೆ ಇಲ್ಲಿ ಪರೀಕ್ಷೆಗೆ ಬರುತ್ತದೆ. ಸ್ಲೀಪರ್‌ಗಳ ನಡುವಿನ ಜಲ್ಲಿ, ತುದಿಯಾಚೆಗಿನ ಜಲ್ಲಿ, ಹೊಟ್ಟೆಯೊಳಗಿನ ಜಲ್ಲಿ ಮೂರೂ ಸೇರಿ ತಡೆಯಬೇಕು. ಹೊಟ್ಟೆ ಖಾಲಿಯಿರುವ ಉಕ್ಕಿನ ಸ್ಲೀಪರ್‌ಗೆ ತೂಕವೂ ಇಲ್ಲ, ಹಿಡಿತವೂ ಇಲ್ಲ. ಹೊಸದಾಗಿ ಹಾಸಿದ ಅಥವಾ ಜಲ್ಲಿ ಕದಡಿದ ಮಾರ್ಗದಲ್ಲಿ ವೇಗ ತಗ್ಗಿಸುವುದು, ಕಡುಬಿಸಿಲಿನಲ್ಲಿ ಜಲ್ಲಿ ಕೆದಕದಿರುವುದು ಈ ಕಾರಣಕ್ಕೆ.

ತಿರುವುಗಳಿಗಾಗಿ ಜರ್ಮನಿಯಲ್ಲಿ ವೈ ಆಕಾರದ ಉಕ್ಕಿನ ಸ್ಲೀಪರ್ ರೂಪುಗೊಂಡಿತು. ಬಗ್ಗಿಸಿದ ಎರಡು ಐ ತೊಲೆಗಳು ಒಂದು ಕಡೆ ಜೋಡಿಯಾಗಿ, ಇನ್ನೊಂದು ಕಡೆ ಕವಲಾಗಿ ನಿಲ್ಲುತ್ತವೆ. ಕವಲಿನ ನಡುವೆ ಸಿಕ್ಕ ಜಲ್ಲಿ ಅಡ್ಡ ಜಾರಿಕೆಯನ್ನು ಚೆನ್ನಾಗಿ ತಡೆಯುತ್ತದೆ.

ಎರಕದ ಕಬ್ಬಿಣದ ಬಟ್ಟಲುಗಳು

ಲೋಹದ ಆಸರೆ ಎಂದರೆ ಉಕ್ಕಿನ ದೋಣಿಯೊಂದೇ ಅಲ್ಲ. 1846ರಲ್ಲಿ ಗ್ರೀವ್ಸ್ ಎಂಬಾತ ಬೋರಲು ಬಟ್ಟಲಿನಂಥ ಎರಕದ ಕಬ್ಬಿಣದ ಆಸರೆಗೆ ಪೇಟೆಂಟ್ ಪಡೆದ. ಭಾರತದಲ್ಲಿ ಅದೇ ಬಳಗದ ಸಿಎಸ್‌ಟಿ-9 ಸ್ಲೀಪರ್ ದಶಕಗಳ ಕಾಲ ಎಲ್ಲೆಡೆ ಇತ್ತು: ಎರಡು ಎರಕದ ಆಸರೆಗಳು, ನಡುವೆ ಉಕ್ಕಿನ ಪಟ್ಟಿ, ಬಿಗಿಯಲು ಕಾಟರ್ ಎಂಬ ಬೆಣೆಗಳು. ಕಾಟರ್ ಸಡಿಲವಾದರೆ ಗೇಜ್ ಅಗಲವಾಗುತ್ತದೆ, ಚಕ್ರ ಹಳಿ ತಪ್ಪಿ ಬಡಿದರೆ ಎರಕ ಬಾಗದೆ ಒಡೆಯುತ್ತದೆ. ಸ್ಪ್ರಿಂಗ್ ಕ್ಲಿಪ್, ಉದ್ದಕ್ಕೆ ಬೆಸೆದ ಹಳಿ, ಹೆಚ್ಚಿನ ವೇಗ ಬಂದಂತೆ ಅದು ಹಿಂದೆ ಸರಿಯಿತು. ಉಕ್ಕಿನ ದೋಣಿ ಪೆಟ್ಟು ತಿಂದರೆ ಬಾಗುತ್ತದೆ, ತುಂಡಾಗುವುದು ಅಪರೂಪ.

ತುಕ್ಕು

ವಾತಾವರಣವನ್ನು ತುಕ್ಕಿನ ಬಿರುಸಿಗೆ ತಕ್ಕಂತೆ ವಿಂಗಡಿಸುವ ಅಂತಾರಾಷ್ಟ್ರೀಯ ಮಾನಕದ ಪ್ರಕಾರ, ಮಧ್ಯಮ ವರ್ಗದ ಕಡೆ ಬರಿ ಉಕ್ಕು ಮೊದಲ ವರ್ಷ 0.025ರಿಂದ 0.05 ಮಿ.ಮೀ. ಕಳೆದುಕೊಳ್ಳುತ್ತದೆ. ಉಪ್ಪುಗಾಳಿಯ ಕಡಲತೀರದಂಥ ಕಡೆ 0.08ರಿಂದ 0.2 ಮಿ.ಮೀ. ಇದು ಒಂದು ಮೈಯ ಲೆಕ್ಕ, ತಗಡಿಗೆ ಒಳಮೈ ಹೊರಮೈ ಎರಡೂ ಇವೆ. ಹೊಟ್ಟೆಯೊಳಗಿನ ತೇವ ಬೇಗ ಆರುವುದೂ ಇಲ್ಲ. ಒಣ ಪ್ರದೇಶದಲ್ಲಿ ಬಣ್ಣ ಬಳಿಯದೆಯೂ ದಶಕಗಟ್ಟಲೆ ಬಾಳುವ ಸ್ಲೀಪರ್, ನೀರು ತೊಟ್ಟಿಕ್ಕುವ ಸುರಂಗದಲ್ಲಿ, ಉಪ್ಪು ಅಥವಾ ಕಲ್ಲಿದ್ದಲ ಬೂದಿ ಬೀಳುವ ಕಡೆ ಬೇಗ ತೆಳುವಾಗುತ್ತದೆ. ಅಂಥ ಜಾಗಕ್ಕೆ ಉಕ್ಕನ್ನು ಆರಿಸದಿರುವುದೇ ಸರಿ.

ಹೊಟ್ಟೆ ತುಂಬಿಸುವುದು

ಎಲ್ಲ ಲೆಕ್ಕ ಸರಿಯಿದ್ದೂ ಉಕ್ಕಿನ ಸ್ಲೀಪರ್ ಸೋಲುವುದು ಹೆಚ್ಚಾಗಿ ಇಲ್ಲೇ. ಜಲ್ಲಿ ಹಾಸಿ, ಮೇಲೆ ಸ್ಲೀಪರ್ ಇಟ್ಟಾಗ ಅದರ ಕಾಲಂಚು ಮಾತ್ರ ಜಲ್ಲಿಯ ಮೇಲೆ ನಿಲ್ಲುತ್ತದೆ, ಒಳಗೆ ಖಾಲಿ. ಆ ಸ್ಥಿತಿಯಲ್ಲಿ ರೈಲು ಬಿಟ್ಟರೆ ಹಳಿ ಅಲ್ಲಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಕುಸಿಯುತ್ತದೆ.

ಆದ್ದರಿಂದ ಕೆಲಸ ಹಂತಹಂತವಾಗಿ ನಡೆಯಬೇಕು. ಮೊದಲು ಅಕ್ಕಪಕ್ಕ ಸಾಕಷ್ಟು ಜಲ್ಲಿ ಸುರಿಯಬೇಕು. ಟ್ಯಾಂಪಿಂಗ್ ಯಂತ್ರ ಹಳಿಯನ್ನು ತುಸು ಎತ್ತಿ, ಉಕ್ಕಿನ ಬೆರಳುಗಳನ್ನು ಸ್ಲೀಪರ್‌ನ ಎರಡು ಬದಿಗೂ ಇಳಿಸಿ, ನಡುಗಿಸುತ್ತ ಜಲ್ಲಿಯನ್ನು ಒಳಕ್ಕೆ ಹಿಸುಕುತ್ತದೆ. ಡಬ್ಬಿಗೆ ಕಾಳು ತುಂಬಿ ಕುಲುಕಿದಾಗ ಮಟ್ಟ ಇಳಿಯುವಂತೆ, ಒಂದು ಸಲಕ್ಕೆ ಹೊಟ್ಟೆ ತುಂಬಿದಂತೆ ಕಂಡರೂ ಕುಲುಕಿದ ಮೇಲೆ ಮತ್ತೆ ಜಾಗ ಉಳಿಯುತ್ತದೆ. ಕಾಂಕ್ರೀಟ್ ಸ್ಲೀಪರ್‌ಗೆ ಬೆರಳು ಒಮ್ಮೆ ಇಳಿಸಿದರೆ ಸಾಕಾಗುವ ಕಡೆ ಇಲ್ಲಿ ಎರಡು ಮೂರು ಬಾರಿ ಬೇಕಾಗುತ್ತದೆ. ಒಮ್ಮೆಗೇ ಎತ್ತರಕ್ಕೆ ಎತ್ತಬಾರದು. ಕೆಲವು ದಿನ ರೈಲು ನಿಧಾನಕ್ಕೆ ಓಡಿದ ಮೇಲೆ ಇನ್ನೊಂದು ಸುತ್ತು ಮಾಡಬೇಕು. ಜಲ್ಲಿಯ ಗಾತ್ರವೂ ಮುಖ್ಯ. ಭಾರತದ ಹಳೆಯ ರೂಢಿಯಲ್ಲಿ ಮರದ ಸ್ಲೀಪರ್‌ಗೆ 50 ಮಿ.ಮೀ. ಜಲ್ಲಿಯಾದರೆ ಲೋಹದ್ದಕ್ಕೆ 40 ಮಿ.ಮೀ., ಸಣ್ಣ ಕಲ್ಲು ಒಳಗೆ ಸುಲಭವಾಗಿ ಹೊಗುತ್ತದೆಂದು.

ಹಳಿಯ ಎರಡೂ ಬದಿಗೆ ಸುಮಾರು 400 ಮಿ.ಮೀ. ವರೆಗೆ ಗಟ್ಟಿಯಾಗಿ ತುಂಬಿ, ನಟ್ಟನಡುವನ್ನು ಸಡಿಲ ಬಿಡಬೇಕು. ನಡುವೆಯೂ ಬಿಗಿದರೆ ತುದಿಗಳು ಕುಸಿದಂತೆ ಸ್ಲೀಪರ್ ನಡುಬೆನ್ನಿನ ಮೇಲೆ ತೂಗಾಡುತ್ತದೆ. ಆಗ ಎಳೆತ ಬೆನ್ನಿಗೆ ತಿರುಗಿ ಗೇಜ್ ಬದಲಾಗುತ್ತದೆ.

ಒಳಗೆ ತುಂಬಿದೆಯೋ ಇಲ್ಲವೋ ಎಂದು ಮೇಲಿನಿಂದ ಕಾಣದು, ಕೇಳಬೇಕು. ಕೋಲಿನ ತುದಿಗೆ ಮರದ ಗುಂಡು ಸಿಕ್ಕಿಸಿದ ಸಾಧನವೊಂದಿದೆ. ಹಳಿಯ ಪಕ್ಕದಲ್ಲಿ, ಸ್ಲೀಪರ್‌ನ ಬೆನ್ನಿನ ಮೇಲೆ ಅದನ್ನು ಮೊಣಕಾಲೆತ್ತರದಿಂದ ಬಿಡುತ್ತಾರೆ. ತುಂಬಿದ್ದರೆ ದಪ್ ಎಂದು ಸದ್ದು ಅಲ್ಲೇ ಅಡಗುತ್ತದೆ. ಖಾಲಿಯಿದ್ದರೆ ಡೋಲಿನಂತೆ ಟೊಳ್ಳು ದನಿ ಬರುತ್ತದೆ, ಆ ಸ್ಲೀಪರ್‌ಗೆ ಸುಣ್ಣದ ಗುರುತು ಹಾಕಿ ಮುಂದಿನದಕ್ಕೆ ಹೋಗುತ್ತಾರೆ.